ಖಾಲಿ ಹೋದ ಬೆಣ್ಣೆ ಡಬ್ಬಿ

ಹದಿನೈದು ದಿನಕ್ಕೊಮ್ಮೆ ಮಸೂತಿಯಿಂದ ಸಿಂದಗಿಗೆ ಬೆಣ್ಣೆ ಬರುತ್ತಿತ್ತು. ಅವ್ವ ಕಡೆದು ತೆಗೆದದ್ದನ್ನು ಸ್ಟೀಲ್ ಡಬ್ಬಿಗೆ ತುಂಬಿ, ಬಾಯಿಗೆ ಬಿಳಿ ಅರಿವೆ ಕಟ್ಟಿ ಕೊಟ್ಟರೆ, ನನ್ನ ತಮ್ಮ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಕಂಡಕ್ಟರನ ಕೈಗೆ ಅದನ್ನು ಒಪ್ಪಿಸುತ್ತಿದ್ದ. ಸಿಂದಗಿಯಲ್ಲಿ ನಾನು ಇಳಿಸಿಕೊಳ್ಳುತ್ತಿದ್ದೆ. ಡಬ್ಬಿ ಮರಳಿ ಹೋಗುವಾಗ ಅದರಲ್ಲಿ ಏನಾದರೂ ಇರಲೇಬೇಕು: ಒಂದು ಹಿಡಿ ಸಕ್ಕರೆ, ನಾಲ್ಕು ನಿಂಬೆಹಣ್ಣು, ಏನೂ ಇಲ್ಲವೆಂದರೆ ಬೆಲ್ಲದ ಚೂರು. ಕೊಟ್ಟವರ ಪಾತ್ರೆಯನ್ನು ಖಾಲಿ ಕಳಿಸಬಾರದು ಎನ್ನುವುದು ನಮ್ಮ ಕಡೆಯ ರೀತಿ. ಖಾಲಿ ಕಳಿಸಿದರೆ ಇನ್ನು ನಿಮ್ಮದು ಬೇಡ ಎಂದು ಹೇಳಿದಂತೆ.

ನಾನು ಒಮ್ಮೆ ಖಾಲಿ ಕಳಿಸಿದೆ. ಮರೆತಲ್ಲ, ಬೇಕೆಂದೇ ಕಳಿಸಿದೆ. ಅಲ್ಲಿಂದ ಶುರುವಾದ ಗೊಂದಲ ಇವತ್ತಿಗೂ ನನ್ನ ತಲೆಯಿಂದ ಇಳಿದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವಯಸ್ಸು ಐವತ್ತೊಂದು. ಅಪ್ಪ ಐವತ್ತೆರಡಕ್ಕೇ ಹೋದ. ಮುಂಜಾನೆ ರೊಟ್ಟಿ ತಿಂದು, ಕೈ ತೊಳೆದು, ಎದೆ ಹಿಡಿದುಕೊಂಡು ಮನೆಯ ಕಟ್ಟೆಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಆಗ ನಾನು ಪಿಯುಸಿ ಓದುತ್ತಿದ್ದೆ. ಐವತ್ತು ದಾಟಿದ ಮೇಲೆ ನನಗೆ ಎದೆಯಲ್ಲಿ ಒಂದಿಷ್ಟು ಚುಳುಕ್ ಎಂದರೂ ಆ ಕಟ್ಟೆಯೇ ಕಣ್ಣಿಗೆ ಕಟ್ಟತೊಡಗಿತು. ಹೆದರಿಕೊಂಡೇ ರಕ್ತ ತಪಾಸಣೆಗೆ ಹೋದೆ. ಏನೂ ತಿನ್ನದೆ ಬರ್ರಿ ಅಂದಿದ್ದರು, ಚಹಾ ಕುಡಿದು ಹೋಗಿದ್ದೆ. ನಮ್ಮ ಕಡೆ ಚಹಾವನ್ನು ಯಾರು ತಿಂದದ್ದರ ಲೆಕ್ಕಕ್ಕೆ ಹಿಡಿಯುತ್ತಾರೆ? "ನೀವು ವಿಜ್ಞಾನದ ಟೀಚರ್ ಅಲ್ಲೇನ್ರಿ?" ಎಂದು ನಕ್ಕು ವಾಪಸ್ ಕಳಿಸಿದರು. ಮರುದಿನ ಬರೀ ಹೊಟ್ಟೆಯಲ್ಲಿ ಹೋಗಿ ಕೊಟ್ಟು ಬಂದೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮಾತ್ರ ಖಡಕ್. "ಟೀಚರ್, ಕೆಟ್ಟ ಕೊಲೆಸ್ಟ್ರಾಲ್ ಏರೇತ್ರಿ. ನಿಮ್ಮ ತಂದಿಯವರದ ಬ್ಯಾರೆ ಹಂಗ ಆಗೇತಿ ಅಂತೀರಿ. ಬೆಣ್ಣಿ, ತುಪ್ಪ, ಕರದಿದ್ದು ಕಡಿಮಿ ಮಾಡ್ರಿ. ಮೂರ್ ತಿಂಗಳದಾಗ ಇಳೀಲಿಲ್ಲಂದ್ರ ಗುಳಿಗಿ ಚಾಲೂ ಮಾಡೂಣು" ಅಂದರು.

ಅವರು ಅಂದದ್ದು ಕಡಿಮೆ ಮಾಡಿ ಎಂದು. ನಾನು ಪೂರಾ ಬಿಟ್ಟೆ. ಅರ್ಧಂಬರ್ಧ ಮಾಡಿ ಗೊತ್ತಿಲ್ಲ ನನಗೆ, ಸಿಟ್ಟಾದರೂ ಅಷ್ಟೇ, ಪಥ್ಯವಾದರೂ ಅಷ್ಟೇ. ಅಡುಗೆಮನೆಯಲ್ಲಿದ್ದ ಬೆಣ್ಣೆಯನ್ನು ಪಕ್ಕದ ಮನೆಗೆ ಕೊಟ್ಟು, ಡಬ್ಬಿ ತೊಳೆದು ಒರೆಸಿ, ಖಾಲಿ ಡಬ್ಬಿಯನ್ನೇ ಬಸ್ಸಿಗೆ ಹಾಕಿದೆ. ಸಂಜೆ ಅವ್ವನ ಫೋನು ಬಂತು.

"ಡಬ್ಬಿ ಖಾಲಿ ಬಂದೇತಿ. ಮರತೀ ಏನ?"

"ಮರತಿಲ್ಲ. ಇನ್ ಮ್ಯಾಲೆ ಬೆಣ್ಣಿ ಕಳಸಬ್ಯಾಡ ಅವ್ವ. ಎದಿಯೊಳಗಿನ ನರಾ ಕಟ್ಟತೈತಿ ಅದು. ಅಪ್ಪ ಹೋಗಿದ್ದೂ ಹಂಗನ."

ಆ ಕಡೆ ಎಮ್ಮೆ ಒದರಿದ್ದು ಕೇಳಿಸಿತು. ಆಮೇಲೆ ಅವ್ವ ಮೆಲ್ಲಗೆ, "ಅವತ್ತ ಮುಂಜಾನಿ ಸೈತ ರೊಟ್ಟಿ ಮ್ಯಾಲೆ ನಾನ ಬೆಣ್ಣಿ ಹಾಕಿದ್ನಿ" ಅಂದು ಫೋನ್ ಇಟ್ಟುಬಿಟ್ಟಳು.

ನನ್ನ ನಾಲಿಗೆಗೆ ಬೆಂಕಿ ಹಾಕಬೇಕಿತ್ತು. ಆದರೆ ಆ ಹೊತ್ತಿಗೆ ನನಗೆ ಹಾಗೆ ಅನ್ನಿಸಲಿಲ್ಲ. ನಿಜ ಹೇಳಿದೆ, ತಪ್ಪೇನು ಎಂದುಕೊಂಡೆ. ನಾಲ್ಕು ದಿನದ ಮೇಲೆ ತಮ್ಮನ ಹೆಂಡತಿ ಫೋನ್ ಮಾಡಿದಳು. "ಅಕ್ಕಾರ, ಅತ್ತಿ ಕಡಗೋಲ ಮುಟ್ಟವಲ್ರು. ಹಾಲ ಎಲ್ಲಾ ಡೇರಿಗಿ ಹಾಕ್ರಿ ಅಂತಾರ. ಅವನ್ನ ನಾನ ಕೊಂದ್ನಿ, ಮೂವತ್ತ ವರ್ಷ ತಿನಿಸಿ ತಿನಿಸಿ ಕೊಂದ್ನಿ ಅಂತ ಒಬ್ರ ಕುಂತು ಮಾತಾಡ್ತಾರ. ನೀವ ಏನರ ಅಂದೀರೇನ್ರಿ?" ಏನೂ ಅಂದಿಲ್ಲ ಎಂದು ಸುಳ್ಳು ಹೇಳಿದೆ.

ಇತ್ತ ಸ್ಟಾಫ್ ರೂಮಿನಲ್ಲಿ ನನ್ನ ಕೊಲೆಸ್ಟ್ರಾಲು ಎಲ್ಲರ ಆಸ್ತಿಯಾಗಿತ್ತು. ಇಂಡಿಯಿಂದ ಓಡಾಡುವ ಹಿಂದಿ ಮೇಷ್ಟ್ರು, "ನಮ್ಮೂರ ನಿಂಬಿಹಣ್ಣ ಬಿಸಿನೀರಾಗ ಹಿಂಡ್ಕೊಂಡು ಕುಡೀರಿ, ಎಲ್ಲಾ ಕರಗತೈತಿ" ಅಂದರು. ಮುದ್ದೇಬಿಹಾಳದ ಗುಮಾಸ್ತರು ಹಸಿ ಬೆಳ್ಳುಳ್ಳಿ ಅಂದರು. ಶೇಂಗಾ ಬಿಡಿ ಅಂದರೊಬ್ಬರು, ಶೇಂಗಾ ಹೃದಯಕ್ಕೆ ಅಮೃತ ಅಂದರು ಅವರ ಪಕ್ಕದಲ್ಲೇ ಕೂತವರು. ಹಾಲು ಸಕ್ಕರೆಯ ಚಹಾ ವಿಷ, ಹಾಲಿಲ್ಲದ ಕಾಫಿ ಒಳ್ಳೆಯದು ಎಂದು ಯಾರೋ ಮೊಬೈಲು ತೋರಿಸಿದರು. ನಾನು ಎಲ್ಲವನ್ನೂ ಒಟ್ಟಿಗೆ ಮಾಡಿದೆ. ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ ಎಂದು ಎಂಟನೆಯ ತರಗತಿಗೆ ವರ್ಷ ವರ್ಷ ಪಾಠ ಮಾಡಿದವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಕಾಫಿ ಸಿಕ್ಕಿದ್ದು ನಮ್ಮ ಹೊಸ ಹೆಡ್‌ಮಿಸ್ಟ್ರೆಸ್ ಅವರಿಂದ. ಅವರು ಹಾಸನದ ಕಡೆಯವರು. ಊರಿಗೆ ಹೋಗಿ ಬಂದಾಗಲೆಲ್ಲ ನನಗೊಂದು ಪೊಟ್ಟಣ ಕಾಫಿಪುಡಿ ತರುತ್ತಿದ್ದರು. ಅವರು ಅದನ್ನು ಹೇಗೆ ಮಾಡುತ್ತಾರೆಂದು ನಾನು ಕೇಳಲಿಲ್ಲ. ಕೇಳುವುದೇನಿದೆ? ನೀರಿಗೆ ಪುಡಿ ಹಾಕುವುದು, ಚಹಾದ ಹಾಗೆ ಗಳಗಳ ಕುದಿಸುವುದು, ಚಹಾ ಸೋಸುವ ಜಾಲರಿಯಲ್ಲಿ ಸೋಸುವುದು. ಹಾಲಿಲ್ಲ, ಸಕ್ಕರೆಯಿಲ್ಲ. ಕಹಿ ನೆತ್ತಿಗೇರುತ್ತಿತ್ತು. ಇಷ್ಟು ಕಹಿಯಿದೆ ಎಂದ ಮೇಲೆ ಔಷಧವೇ ಸೈ ಎಂದು ದಿನಕ್ಕೆ ನಾಲ್ಕು ಸಲ ಕುಡಿದೆ.

ಮೂರು ತಿಂಗಳಿಗೆ ಮತ್ತೆ ರಕ್ತ ಕೊಟ್ಟೆ. ಏರಿತ್ತು! ಇಳಿಯುವುದಿರಲಿ, ಮೊದಲಿಗಿಂತ ಏರಿತ್ತು. ಕಾಗದ ಹಿಡಿದು ಬಸ್ ನಿಲ್ದಾಣದ ಎದುರು ನಿಂತೆ, ತಲೆ ಮೊಸರು ಗಡಿಗೆಯಾಯಿತು. ಬೆಣ್ಣೆಯಿಲ್ಲ, ಬಜಿಯಿಲ್ಲ, ಶೇಂಗಾ ಹೋಳಿಗೆಯ ಮುಖ ನೋಡಿಲ್ಲ, ಮತ್ತೆ ಯಾಕೆ? ಅಳು ಬರುವ ಹಾಗಾಯಿತು. ಅದರ ನಡುವೆಯೇ ಒಂದು ಯೋಚನೆ ಬಂತು, ಬಂದದ್ದೇ ಖುಷಿಯೂ ಆಯಿತು. ನಿಂತಲ್ಲಿಯೇ ಅವ್ವನಿಗೆ ಫೋನ್ ಹಚ್ಚಿದೆ.

"ಅವ್ವ, ಬೆಣ್ಣಿ ಬಿಟ್ಟು ಮೂರ್ ತಿಂಗಳಾತು. ಆದ್ರೂ ಏರೇತಿ. ಅಂದ್ರ ಬೆಣ್ಣೀದ ತಪ್ಪಲ್ಲ!"

"ಖರೇನ?"

"ಖರೇ. ಕಾಗದದಾಗ ಐತಿ."

"ಆ ಕಾಗದ ನನಗ ಕಳಸು."

ಅವ್ವನಿಗೆ ಓದಲು ಬರುವುದಿಲ್ಲ. ಆದರೂ ನಾನು ಡಾಕ್ಟರಿಗೆ ತೋರಿಸಲು ಒಂದು ಫೋಟೊ ತೆಗೆದಿಟ್ಟುಕೊಂಡು, ಅಸಲು ಕಾಗದವನ್ನು ಲಕೋಟೆಯಲ್ಲಿ ಹಾಕಿ ಡಬ್ಬಿ ಹೋಗುತ್ತಿದ್ದ ಅದೇ ಬಸ್ಸಿಗೆ ಕೊಟ್ಟೆ. ಒಂದು ಸಲ ಏರಿದ ಮಾತ್ರಕ್ಕೆ ಬೆಣ್ಣೆ ನಿರಪರಾಧಿ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಹೇಳಲಿಲ್ಲ. ವಾರದಲ್ಲಿ ತಮ್ಮನ ಹೆಂಡತಿ ಸುದ್ದಿ ಕೊಟ್ಟಳು: ಅತ್ತೆ ಆ ಕಾಗದವನ್ನು ಮಾವನವರ ಫೋಟೊದ ಹಿಂದೆ ಇಟ್ಟಿದ್ದಾರೆ, ಮತ್ತೆ ಮಜ್ಜಿಗೆ ಕಡೆಯುತ್ತಿದ್ದಾರೆ, ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ. ನನ್ನ ಜನ್ಮದಲ್ಲಿ ಕೆಟ್ಟ ಫಲಿತಾಂಶಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೊಂದೇ ಸಲ.

ಅದೇ ದಿನಗಳಲ್ಲಿ ಹೆಡ್‌ಮಿಸ್ಟ್ರೆಸ್ ನಮ್ಮ ಮನೆಗೆ ಬಂದರು. ಒಲೆಯ ಮೇಲೆ ಕುದಿಯುತ್ತಿದ್ದುದನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ರಾಮ! ಕಾಫಿಪುಡೀನ ಹೀಗೆ ಟೀ ಥರ ಕುದಿಸ್ತಾರೇನ್ರೀ? ನಾನು ತಂದ ಪುಡಿಗೆ ಈ ಗತಿನಾ?"

"ಮತ್ತ ಹೆಂಗ ಮಾಡ್ತಾರ್ರಿ?" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಕುದಿಸದೆ ಕುಡಿಯುವ ಬಿಸಿ ಪದಾರ್ಥವನ್ನು ನಾನು ಕಂಡವಳಲ್ಲ.

ಡಾಕ್ಟರ ಹತ್ತಿರ ಇದನ್ನು ನಗೆಚಾಟಿಕೆಗೆಂದು ಹೇಳಿದೆ. ಅವರು ನಗಲಿಲ್ಲ, ಪೆನ್ನು ಕೆಳಗಿಟ್ಟರು. "ದಿನಾ ನಾಕ ಸಲ, ಕುದಿಸಿದ್ದು? ಕಾಫಿ ಬೀಜದಾಗ ಒಂಥರಾ ಎಣ್ಣಿ ಅಂಶ ಇರತೈತ್ರಿ. ಕುದಿಸಿದ್ರ ಅದು ನೀರಿಗಿ ಇಳೀತೈತಿ. ಕಾಗದದಾಗ ಸೋಸಿದ್ರ ನಿಲ್ಲತೈತಿ, ಜಾಲರಿಯಾಗ ನಿಲ್ಲೂದಿಲ್ಲ. ಕೊಲೆಸ್ಟ್ರಾಲ್ ಅದರಿಂದನೂ ಏರಬಹುದು. ಗುಳಿಗಿ ಈಗ ಬ್ಯಾಡ. ಮೊದಲ ಆ ಕಾಫಿ ಬಿಟ್ಟು ನೋಡ್ರಿ."

"ಹಂಗಾದ್ರ ಬೆಣ್ಣೀದ ತಪ್ಪಲ್ಲಲ್ರಿ?"

"ಹಂಗ ಹೇಳಾಕ ಬರೂದಿಲ್ಲ. ಬೆಣ್ಣಿನೂ ಏರಸತೈತಿ. ಮನಿತನದಾಗ ಬಂದದ್ದೂ ಇರಬಹುದು."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಪಾಪ, ಇದ್ದದ್ದನ್ನೇ ಅವರು ಹೇಳುತ್ತಿದ್ದರು. ಕಾಫಿ ಬಿಟ್ಟೆ. ಬಿಟ್ಟು ಸುಮ್ಮನಿರದೆ ದಿನಾ ಮುಂಜಾನೆ ಯಂಕಂಚಿ ರಸ್ತೆಯಲ್ಲಿ ನಡೆಯಲೂ ಶುರುಮಾಡಿದೆ. ಬುದ್ಧಿ ಬಂದಿದ್ದರೆ ತಾನೆ! ಮುಂದಿನ ತಪಾಸಣೆಯಲ್ಲಿ ಕೊಲೆಸ್ಟ್ರಾಲ್ ಚೆನ್ನಾಗಿಯೇ ಇಳಿದಿತ್ತು. ಯಾವುದರಿಂದ ಇಳಿಯಿತು ಎಂದು ಮಾತ್ರ ಕೇಳಬೇಡಿ.

ಆದರೆ ಅವ್ವ ಕೇಳಿದಳು. "ಇಳೀತು? ಚಲೋ ಆತು ನನ್ನವ್ವ. ಏನ್ ಬಿಟ್ಟಿ?"

ಹಿಗ್ಗಿನಲ್ಲಿ ಬಾಯಿ ಬಿಟ್ಟೆ. "ಕಾಫಿ! ಕುದಿಸಿ ಕುದಿಸಿ ಕುಡಿಯಾಕತ್ತಿದ್ನಿ. ಅದ ಏರಿಸಿತ್ತಂತ."

ಅವ್ವ ಅಂದಳು: "ನಿಮ್ಮಪ್ಪ ಕಾಫಿ ಕುಡದಾಂವಲ್ಲ."

ನನ್ನ ವಿದ್ಯಾರ್ಥಿಗಳಿಗೆ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹತ್ತದ ತರ್ಕವನ್ನು ಸಾಲೆಯ ಮೆಟ್ಟಿಲು ಹತ್ತದ ನನ್ನವ್ವ ಒಂದೇ ಮಾತಿನಲ್ಲಿ ಮುಗಿಸಿದ್ದಳು. ಮಗಳಿಗೆ ಏರಿದ್ದು ಕಾಫಿಯಿಂದ. ಗಂಡ ಕಾಫಿ ಮುಟ್ಟಿದವನಲ್ಲ. ಹಾಗಾದರೆ ಅವನಿಗೆ ಆದದ್ದು?

"ಅವ್ವ, ಅಪ್ಪ ಬೀಡಿ ಸೇದ್ತಿದ್ನಲ್ಲ! ದಿನಕ್ಕ ಎರಡ ಕಟ್ಟ ಸೇದ್ತಿದ್ದ!"

"ಬೀಡಿ ನಾ ಕೊಡ್ತಿದ್ದಿಲ್ಲ. ಬೆಣ್ಣಿ ನಾ ಕೊಡ್ತಿದ್ನಿ."

ಆ ಭಾನುವಾರ ಮೊದಲ ಬಸ್ಸಿಗೇ ಮಸೂತಿಗೆ ಹೋದೆ. ತಮ್ಮನ ಮಕ್ಕಳು ಅಂಗಳದಲ್ಲಿ ಗದ್ದಲ ಹಾಕಿದ್ದರು, ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬರುವ ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಜೋಡಿಸಿಕೊಂಡು ಬಂದಿದ್ದೆ. ಮನೆತನ, ಬೀಡಿ, ಆ ಕಾಲಕ್ಕೆ ಹತ್ತಿರದಲ್ಲಿ ಡಾಕ್ಟರ್ ಇಲ್ಲದ್ದು. ಅವಳ ಮುಖ ನೋಡಿದ ಮೇಲೆ ಒಂದೂ ಬಾಯಿಗೆ ಬರಲಿಲ್ಲ. ತಾಟು ಮುಂದೆ ಚಾಚಿ, "ಬೆಣ್ಣಿ ಹಾಕು ಅವ್ವ" ಎಂದೆ.

ಅವಳು ಗಡಿಗೆಯ ಕಡೆ ನೋಡಿದಳು. ಮೊದಲಾದರೆ ನಿಂಬೆಹಣ್ಣಿನಷ್ಟು ಬೀಳುತ್ತಿತ್ತು. ಈಗ ಬೆರಳ ತುದಿಯಲ್ಲಿ ಹುಣಸೆಬೀಜದಷ್ಟು ತೆಗೆದು ರೊಟ್ಟಿಗೆ ಸವರಿದಳು. ಅವಳೆದುರೇ ತಿಂದೆ. ಎಷ್ಟು ತಿಂಗಳ ಮೇಲೆ! ಕಣ್ಣಲ್ಲಿ ನೀರು ಬಂತು.

"ಇನ್ನೊಂದೀಟ ಹಾಕು. ಏನೂ ಆಗೂದಿಲ್ಲ, ಡಾಕ್ಟರ ಕಡಿಮಿ ತಿನ್ನು ಅಂದಾರ, ಬಿಡು ಅಂದಿಲ್ಲ."

ಅವ್ವ ಗಡಿಗೆಯ ಬಾಯಿ ಮುಚ್ಚಿದಳು. "ಬ್ಯಾಡ ನನ್ನವ್ವ. ಒಬ್ಬಾಂವ ಹೋಗಿದ್ದು ಸಾಕು."

ಸಂಜೆ ಹೊರಟಾಗ ಆ ಸ್ಟೀಲ್ ಡಬ್ಬಿಯನ್ನು ತಂದು ನನ್ನ ಚೀಲದಲ್ಲಿ ತಾನೇ ಇಟ್ಟಳು. ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು. ಹಗುರಾಗಿದೆಯಲ್ಲ ಎಂದುಕೊಂಡೆ, ಕೇಳಲಿಲ್ಲ. ಬಸ್ಸು ಬಾಗೇವಾಡಿ ದಾಟಿದ ಮೇಲೆ ಅರಿವೆ ಬಿಚ್ಚಿ ನೋಡಿದೆ. ಮೇಲೆ ಒಂದು ಹಿಡಿ ಶೇಂಗಾ ಇತ್ತು. ಅದರ ಕೆಳಗೆ, ನಾಲ್ಕು ಮಡಿಕೆ ಮಾಡಿ, ಅಪ್ಪನ ಫೋಟೊದ ಹಿಂದೆ ಇಟ್ಟಿದ್ದ ನನ್ನ ಕಾಗದ.