ಅಡ್ಡಗಾಲಣ್ಣ ಮೂಲೆ ಬಿಟ್ಟ ಓಟ

ಕಂಡವರ ದಾರಿಗೆ ಅಡ್ಡಗಾಲು ಹಾಕಿ ಸಂಬಳ ಪಡೆಯುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆ ಕೆಲಸವನ್ನು ಹಾಡಹಗಲೇ, ತುಂಬಿದ ಗ್ಯಾಲರಿಯ ಎದುರು, ಸಮವಸ್ತ್ರ ತೊಟ್ಟು ಮಾಡುತ್ತಿದ್ದವನನ್ನು ಕ್ರೀಡಾಂಗಣದವರೆಲ್ಲ ಅಡ್ಡಗಾಲಣ್ಣ ಎಂದೇ ಕರೆಯುತ್ತಿದ್ದರು.

ಸ್ಟೀಪಲ್‌ಚೇಸ್ ಎಂಬ ಓಟದಲ್ಲಿ ಸುಮ್ಮನೆ ಓಡಿದರೆ ಸಾಲದು. ದಾರಿಗಡ್ಡ ಇಟ್ಟ, ನಾಲ್ಕು ಮೂಲೆಯ ಚೌಕಟ್ಟಿಗೆ ಬಿಗಿದ ದಪ್ಪ ತೊಲೆಗಳನ್ನು ಹಾರಬೇಕು, ನೀರಿನ ಗುಂಡಿಯನ್ನೂ ದಾಟಬೇಕು. ನಮ್ಮಂಥವರು ಹೊಸಿಲು ಎಡವಿದರೇ ವಾರ ಮಲಗುತ್ತೇವೆ. ಈ ಓಟಕ್ಕೊಂದು ಕಟ್ಟಳೆಯಿದೆ. ಹೊರಟಾಗ ಗುಂಪು ಒತ್ತೊತ್ತಾಗಿರುವುದರಿಂದ ಮೊದಲ ಚೂರು ದಾರಿಯಲ್ಲಿ ತೊಲೆ ಇರಕೂಡದು. ಗುಂಪು ದಾಟಿದ ಮೇಲೆ, ಅದು ಸುತ್ತು ಹಾಕಿ ಮತ್ತೆ ಬರುವುದರೊಳಗೆ, ನಾಲ್ಕು ಜನ ಹುಲ್ಲಿನ ಮೇಲಿಂದ ತೊಲೆ ಹೊತ್ತು ತಂದು ಅಡ್ಡ ನಿಲ್ಲಿಸಬೇಕು. ಅಡ್ಡಗಾಲಣ್ಣನ ಹರೆಯವೆಲ್ಲ ಆ ತೊಲೆಯ ಒಂದು ಮೂಲೆ ಹಿಡಿಯುವುದರಲ್ಲೇ ಹೋಗಿತ್ತು. ಸೊಂಟವೂ ಅದರ ಹಿಂದೆಯೇ ಹೋಗಿತ್ತು. ಆ ಸುದ್ದಿ ಹೆಂಡತಿಗೊಬ್ಬಳಿಗೇ ಗೊತ್ತು.

ಕಿರಿಯರ ಅಂತರರಾಷ್ಟ್ರೀಯ ಕೂಟದಲ್ಲಿ ಅಂದು ಹುಡುಗರ ಫೈನಲ್. ಬೆಳಿಗ್ಗೆ ಷೂ ದಾರ ಕಟ್ಟಲು ಬಗ್ಗಿದ ಅಡ್ಡಗಾಲಣ್ಣ ಬಗ್ಗಿದಂತೆಯೇ ಉಳಿದ.

“ಏನ್ರೀ, ಏನಾದ್ರೂ ಬಿತ್ತಾ?” ಎಂದಳು ಹೆಂಡತಿ.

“ಹೂಂ, ಮಾನ.”

“ಅದು ಬಿದ್ದು ಯಾವ ಕಾಲ ಆಯ್ತು! ಸೊಂಟ ಕೈಕೊಟ್ಟಿದೆ ಅಂತ ಮ್ಯಾನೇಜರಿಗೆ ಹೇಳ್ಬಿಡಿ.” ಅವಳೇ ಕೂತು ದಾರ ಕಟ್ಟಿದಳು.

“ಹೇಳಿದ್ರೆ ಗೇಟಿಗೆ ಹಾಕ್ತಾರೆ ಕಣೆ, ಟಿಕೆಟ್ ಹರಿಯೋಕೆ.”

ಅವನ ಭಯವೆಲ್ಲ ಅದೊಂದೇ. ಸಂಬಳವೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಗೇಟೆಂದರೆ ಗೋಡೆಯಾಚೆ. ಇಷ್ಟು ವರ್ಷ ಟ್ರ್ಯಾಕಿನ ಒಳಗೆ ನಿಂತವನು, ಆಚೆ ನಿಂತು ಚಪ್ಪಾಳೆಯ ಸದ್ದಿನಲ್ಲಿ ಯಾರು ಗೆದ್ದರೆಂದು ಊಹಿಸುವುದೇ?

ಪಿಸ್ತೂಲು ಸಿಡಿಯಿತು. ಹುಡುಗರು ದಡದಡನೆ ದಾಟಿದರು.

“ಎತ್ರೋ!” ಎಂದು ಕೂಗಿದವನೂ ಅವನೇ. ತೊಲೆ ಎದ್ದು ಟ್ರ್ಯಾಕಿನ ನಡುವಿಗೆ ಬಂತು. ಅಷ್ಟರಲ್ಲಿ ಸೊಂಟದೊಳಗೆ ಯಾರೋ ಚಿಲಕ ಜಡಿದಂತಾಗಿ, ಅವನ ಮೂಲೆ ದೊಪ್ಪನೆ ನೆಲಕ್ಕೆ ಕೂತಿತು.

“ಭಾವ, ಏನಾಯ್ತು?” ಎದುರು ಮೂಲೆ ಹಿಡಿದಿದ್ದವನು ಹೆಂಡತಿಯ ತಮ್ಮ.

“ಏನಿಲ್ಲ. ಉಸಿರು ತಗೊಳ್ತಿದ್ದೀನಿ.”

“ಆಮೇಲೆ ತಗೊಳ್ಳಿ! ಹುಡುಗ್ರು ತಿರುಗಿದ್ರು!”

ಮತ್ತೆ ಎತ್ತಲು ನೋಡಿದ. ಮೂಲೆ ಕದಲಲಿಲ್ಲ. ತಾಗಿದರೆ ಮಗುಚಿ ಬೀಳುವ ಜಾತಿಯ ತೊಲೆಯಲ್ಲ ಅದು. ಹೀಗೆ ಓರೆಯಾಗಿ ನಿಂತರೆ ಯಾವನದೋ ಮಗನ ಮೊಳಕಾಲು ಚೂರಾಗುವುದು ಖಂಡಿತ. ತಿರುವಿನಲ್ಲಿ ಮುಂದಿನವನ ತಲೆ ಕಾಣಿಸಿತು. ಬೆಳಗಿನಿಂದ ಯಾರ ಕಣ್ಣಿಗೆ ಬೀಳಬಾರದೆಂದು ಅಡ್ಡಗಾಲಣ್ಣ ತಪ್ಪಿಸಿಕೊಂಡು ತಿರುಗಿದ್ದನೋ ಆ ಮ್ಯಾನೇಜರು ಪಕ್ಕದ ಹುಲ್ಲಿನ ಮೇಲೇ ನಿಂತಿದ್ದರು.

“ಸಾರ್! ಬನ್ನಿ ಸಾರ್, ನನ್ನ ಮೂಲೆ ಹಿಡೀರಿ. ನನ್ನ ಕೈಲಾಗಲ್ಲ!”

ಮ್ಯಾನೇಜರು ಟೈ ಹೆಗಲಿಗೆಸೆದು ಓಡಿ ಬಂದರು. ತೊಲೆ ನೆಟ್ಟಗಾಗಿ ಗುರುತಿನ ಮೇಲೆ ಕೂತಿತು. ಭಾವಮೈದ ಭಾವನ ಕಂಕುಳಿಗೆ ಕೈ ಹಾಕಿ ಮೂಟೆಯಂತೆ ಹುಲ್ಲಿಗೆ ಎಳೆದ. ಹಿಂದೆಯೇ ಹುಡುಗರು ಒಬ್ಬೊಬ್ಬರಾಗಿ ಹಾರಿಹೋದರು.

ಬಿದ್ದಲ್ಲಿಂದಲೇ ಅಡ್ಡಗಾಲಣ್ಣ ಓಟ ನೋಡಿದ. ಮೊದಮೊದಲು ಜಿಂಕೆಗಳಂತಿದ್ದವರು ಕೊನೆಗೆ ಕಾಂಪೌಂಡು ಹತ್ತಿಳಿಯುವ ಕಳ್ಳರಂತಾದರು. ಎಲ್ಲರಿಗಿಂತ ಹಿಂದಿದ್ದವನು ತೊಲೆಗೆ ಎರಡೂ ಕೈ ಊರಿ, ಒಂದು ಕ್ಷಣ ಹಾಗೇ ನಿಂತು, ಆಚೆ ಜಾರಿದ. ‘ಇವನಿಗೂ ಸಾಕಾಗಿದೆ, ಪಾಪ’ ಅಂದುಕೊಂಡ. ಗೆದ್ದವನು ಯಾರೆಂದು ಮಾತ್ರ ಗಮನಿಸಲಿಲ್ಲ.

ಮ್ಯಾನೇಜರು ಅಂಗೈ ಉಜ್ಜುತ್ತ ಬಂದರು. “ಎಷ್ಟು ದಿನದಿಂದ ಹೀಗಿದೆಯಪ್ಪಾ?”

“ಹೋದ ಮಳೆಗಾಲದಿಂದ ಸಾರ್.”

“ಸರಿ. ನಾಳೆಯಿಂದ ಗೇಟಿಗೆ ಬಾ.”

ಅಡ್ಡಗಾಲಣ್ಣ ದುಃಖ ಬರಲೆಂದು ಕಾದ. ಬರಲಿಲ್ಲ, ಅದಕ್ಕೂ ನಡುದಾರಿಯಲ್ಲಿ ಸುಸ್ತಾಗಿರಬೇಕು.

“ಅಲ್ಲಿ ಕುರ್ಚಿ ಇರುತ್ತಾ ಸಾರ್?”

“ಇದೆ. ಒಂದು ಕೈ ಮುರಿದಿದೆ.”

“ಪರವಾಗಿಲ್ಲ ಬಿಡಿ.”

ಮುಂದಿನ ಓಟಕ್ಕೆ ತೊಲೆ ತೆಗೆಯಬೇಕಿತ್ತು. ಉಳಿದ ಮೂವರೂ ಮೂಲೆ ಹಿಡಿದು ಮ್ಯಾನೇಜರ ಮುಖ ನೋಡಿದರು. ಅವರು ನಿಟ್ಟುಸಿರುಬಿಟ್ಟು, ಅಂಗಿಯ ತೋಳು ಮಡಚಿ ನಾಲ್ಕನೆಯ ಮೂಲೆಗೆ ಬಂದರು. ಅಡ್ಡಗಾಲಣ್ಣ ಏಳಲಿಲ್ಲ, ಏಳಲು ಆಗುತ್ತಲೂ ಇರಲಿಲ್ಲ, ಅದು ಬೇರೆ ಮಾತು.

“ಸಾರ್, ಮಂಡಿ ಬಗ್ಗಿಸಿ ಎತ್ತಿ. ಸೊಂಟ ಬಗ್ಗಿಸ್ಬೇಡಿ” ಎಂದು ಮಲಗಿದಲ್ಲಿಂದಲೇ ಕೂಗಿದ.