ಸೀಫೂ ಲಾಮ್ ಅವರ ಮಗ

ಲಾಮ್ ಅವರನ್ನು ಲಿಂಗರಾಜು ಮೊದಲ ಸಲ ಕಂಡದ್ದು ೧೯೯೮ರ ಏಪ್ರಿಲಿನ ಒಂದು ಬೆಳಗ್ಗೆ, ಜಪಾನಿನ ಓಜಿಮಾದ ವಸತಿ ಕಟ್ಟಡಗಳ ನಡುವಿನ ಪಾರ್ಕಿನಲ್ಲಿ. ಹಾಂಗ್‌ಕಾಂಗಿನಿಂದ ಬಂದು ಅಲ್ಲಿ ನೆಲೆನಿಂತಿದ್ದ ಆ ಎಪ್ಪತ್ತರ ದರ್ಜಿ ಬನಿಯನ್ ತೊಟ್ಟು ಒಬ್ಬರೇ ಕುಂಗ್‌ಫು ಅಭ್ಯಾಸ ಮಾಡುತ್ತಿದ್ದರು. ಕೊಂಬಿನಿ ಅಂಗಡಿಯಿಂದ ಹಾಲು ತರುತ್ತಿದ್ದ ಲಿಂಗರಾಜು ನಿಂತು ನೋಡಿದ.

“ನೋಡ್ತಾ ನಿಂತ್ರೆ ಕಾಲು ಗಟ್ಟಿ ಆಗಲ್ಲ. ಹಾಲು ಕೆಳಗಿಟ್ಟು ಬಾ,” ಎಂದರು ಅವರು, ಹರುಕುಮುರುಕು ಇಂಗ್ಲಿಷಿನಲ್ಲಿ.

ಕಂಪ್ಯೂಟರುಗಳು ೨೦೦೦ನೇ ಇಸವಿಗೆ ಕೈಕೊಡದಂತೆ ನೋಡುವ ವೈಟೂಕೆ ಕೆಲಸಕ್ಕೆಂದು ಮೈಸೂರಿನಿಂದ ಬಂದಿದ್ದ ಅವನು ಒಂದು ವರ್ಷ ತಪ್ಪದೆ ಕಲಿತ. ಆಮೇಲೆ ಅವರ ಪದ್ಧತಿಯಂತೆ ಮಂಡಿಯೂರಿ, ಎರಡೂ ಕೈಗಳಿಂದ ಚಹಾ ಅರ್ಪಿಸಿದ. ಅವರು ಕುಡಿದರು. ಅಂದಿನಿಂದ ಅವರು ಅವನಿಗೆ ‘ಸೀಫೂ’. ಕ್ಯಾಂಟನೀಸಿನಲ್ಲಿ ‘ಸೀ’ ಎಂದರೆ ಗುರು, ‘ಫೂ’ ಎಂದರೆ ತಂದೆ. ನುರಿತ ಅಡುಗೆಯವರನ್ನೂ ಬಸ್ಸಿನ ಚಾಲಕರನ್ನೂ ಜನ ಮರ್ಯಾದೆಗೆ ಹಾಗೆಯೇ ಕರೆಯುವುದುಂಟು. ಶಿಷ್ಯನ ಕೈಯಿಂದ ಚಹಾ ಕುಡಿದವರಿಗೆ ಮಾತ್ರ ಅದು ಬರಿಯ ಮರ್ಯಾದೆಯಲ್ಲ. ಮಕ್ಕಳಿಲ್ಲದ ಲಾಮ್ ಅವನನ್ನು ‘ರಾಜು’ ಎಂದು ಕೂಗತೊಡಗಿದರು. ಲಿಂಗರಾಜು ಆಫೀಸಿನವರಿಗೆಲ್ಲ ಆ ಪದದ ಅರ್ಥವನ್ನು ಹೆಮ್ಮೆಯಿಂದ ಬಿಡಿಸಿ ಹೇಳಿದ.

೧೯೯೯ರ ಡಿಸೆಂಬರ್ ಕೊನೆಯ ವಾರ, ಆಫೀಸಿಗೆ ಆಸ್ಪತ್ರೆಯಿಂದ ಫೋನು ಬಂತು. ಲಾಮ್ ಮೆಟ್ಟಿಲಿಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಸ್ಪತ್ರೆಯ ಹಾಳೆಯಲ್ಲಿ ಮನೆಯವರ ಕಾಲಂನಲ್ಲಿ ಅವನ ಹೆಸರನ್ನು ಬರೆಸಿದ್ದರು.

“ಆಪರೇಷನ್ನಿಗೆ ಮನೆಯವರೊಬ್ಬರು ಬರಬೇಕು. ನೀವು ಅವರ ಮಗನೇ?” ಎಂದು ನರ್ಸ್ ಕೇಳಿದರು.

ಹೊಸ ವರ್ಷ ಕಳೆಯುವವರೆಗೆ ಯಾರಿಗೂ ರಜೆಯಿರಲಿಲ್ಲ. ಮ್ಯಾನೇಜರ್ ಪಕ್ಕದಲ್ಲೇ ನಿಂತಿದ್ದರು.

“ಅಲ್ಲ. ಅವರ ಹತ್ತಿರ ಕಲಿಯುವವನು, ಅಷ್ಟೇ,” ಎಂದ ಲಿಂಗರಾಜು.

ಮನೆಯಲ್ಲಿ ಹೆಂಡತಿ ಶೈಲಜಾ ಕೇಳಿದಳು: “ಮಗ ಅಂದಿದ್ರೆ ನಿಮ್ಮ ಗಂಟೇನ್ರೀ ಹೋಗ್ತಿತ್ತು?”

“ಹಾಸ್ಪಿಟಲ್‌ನವರಿಗೆ ಸುಳ್ಳು ಹೇಳೋಕಾಗುತ್ತಾ?”

“ಸುಳ್ಳಾ ಅದು? ಊರಿಗೆಲ್ಲ ಮೀನಿಂಗ್ ಹೇಳ್ಕೊಂಡು ತಿರುಗ್ತಿದ್ರಲ್ಲ.”

ಅವನು ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿಕೊಂಡ.

ಜನವರಿ ಐದರಂದು ಹೋದಾಗ ಆಪರೇಷನ್ ಮುಗಿದಿತ್ತು. ಲಾಮ್ ವಾಸವಿದ್ದ ಕಟ್ಟಡದ ಮೇಲ್ವಿಚಾರಕರು ಬಂದು ಸಹಿ ಹಾಕಿದ್ದರಂತೆ. ಮಂಚಕ್ಕೆ ತೂಗುಹಾಕಿದ್ದ ಹಾಳೆಯಲ್ಲಿ ಅವನ ಹೆಸರಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆದಿತ್ತು.

“ಸೀಫೂ, ಆಫೀಸಲ್ಲಿ ಆವತ್ತು...”

“ಲಿಂಗರಾಜು ಸಾನ್, ಕೆಲಸ ಬಿಟ್ಟು ಬಂದಿರಿ. ಸುಮಿಮಾಸೆನ್,” ಎಂದು ಲಾಮ್, ಹೊರಗಿನವರೊಡನೆ ಆಡುವ ಜಪಾನಿ ಮರ್ಯಾದೆಯಲ್ಲಿ ಕ್ಷಮೆ ಕೇಳಿ, ಮಲಗಿದಲ್ಲೇ ತಲೆ ಬಾಗಿಸಿದರು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು ಅವನಿಗೆ.

ಇದಾಗಿ ಎರಡು ವರ್ಷ. ಕಂಪನಿ ಊರಿಗೆ ಕರೆದರೂ ಲಿಂಗರಾಜು ಓಜಿಮಾ ಬಿಟ್ಟಿಲ್ಲ. ಲಾಮ್ ಈಗ ಗೋಡೆ ಹಿಡಿದು ನಡೆಯುತ್ತಾರೆ. ಪ್ರತಿ ಭಾನುವಾರ ಅವನು ಅವರ ಮನೆಗೆ ಹೋಗಿ, ಹಾಸಿಗೆಯನ್ನು ಬಾಲ್ಕನಿಯ ಕಂಬಿಯ ಮೇಲೆ ಬಿಸಿಲಿಗೆ ಹಾಕಿ, ಅವರ ಪಾದಗಳನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಉಗುರು ಕತ್ತರಿಸುತ್ತಾನೆ. ಅವರು ನೆರೆಮನೆಯವನಿಗೆ ಧನ್ಯವಾದ ಹೇಳುವಂತೆ ‘ಅರಿಗಾತೋ’ ಎನ್ನುತ್ತಾರೆ. ಅವನು ಮುಂದಿನ ಬೆರಳಿಗೆ ಕೈ ಹಾಕುತ್ತಾನೆ.