ಮಲ್ಲಿಗೆ ಕಟ್ಟುವ ಜಗಲಿಯೆದುರು ನಾನಾಡಿದ ಮಾತು

ಎಂಬತ್ತರ ದಶಕದ ಆರಂಭದಲ್ಲಿ ನಾನು ಮೈಸೂರಿನಲ್ಲಿ ಮನಶ್ಶಾಸ್ತ್ರದ ಎಂ.ಎ. ಓದುತ್ತಿದ್ದೆ. ರಜೆಗೆ ಉಡುಪಿ ಬಳಿಯ ನಮ್ಮೂರು ಶಂಕರಪುರಕ್ಕೆ ಬಂದರೆ ಸಾಕು, ಊರವರು ನನ್ನ ಕಣ್ಣು ತಪ್ಪಿಸಿ ಮಾತಾಡುತ್ತಿದ್ದರು. "ನಮ್ಮ ಮನಸ್ಸಿನಲ್ಲಿ ಎಂತ ಉಂಟು ಅಂತ ಇವಳಿಗೆ ಗೊತ್ತಾಗ್ತದಂತೆ ಮಾರಾಯ್ತಿ!" ಎಂದು ಬಸ್ಸಿನಲ್ಲಿ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಗೊತ್ತಾಗುತ್ತಿತ್ತು, ಮಣ್ಣಂಗಟ್ಟಿ! ಆದರೆ ಅವರ ಹೆದರಿಕೆ ನನಗೆ ಒಳಗೊಳಗೇ ಖುಷಿ ಕೊಡುತ್ತಿತ್ತು. ನಾಲ್ಕು ಪುಸ್ತಕ ಓದಿದ್ದೇ ತಡ, ನಾನೂ ಎಲ್ಲರನ್ನೂ ಅನುಮಾನದಿಂದ ನೋಡತೊಡಗಿದ್ದೆ. ಯಾರಾದರೂ ನಕ್ಕರೆ ಯಾಕೆ ನಕ್ಕರು, ಸುಮ್ಮನಿದ್ದರೆ ಏನನ್ನು ಮುಚ್ಚಿಡುತ್ತಿದ್ದಾರೆ ಎಂದೇ ಯೋಚನೆ.

ಕೊನೆಯ ವರ್ಷದ ರಜೆಯಲ್ಲಿ ಮಣಿಪಾಲದ ಆಸ್ಪತ್ರೆಯೊಂದರ ಮನೋರೋಗ ವಿಭಾಗಕ್ಕೆ ವಾರಕ್ಕೆರಡು ದಿನ ಕಲಿಯಲು ಹೋಗುತ್ತಿದ್ದೆ. ಮೂಲೆಯಲ್ಲಿ ಕುಳಿತು, ಬಂದವರು ಹೇಳುವುದನ್ನು ಬರೆದುಕೊಳ್ಳಬೇಕು. ಮೊದಲ ದಿನವೇ ಡಾಕ್ಟರಮ್ಮ ಹೇಳಿದ್ದರು: "ಇಲ್ಲಿ ಯಾರನ್ನು ನೋಡಿದೆ ಅಂತ ಮನೆಯಲ್ಲೂ ಹೇಳ್ಲಿಕ್ಕಿಲ್ಲ. ಅಷ್ಟು ಆಗ್ತದಾದರೆ ಮಾತ್ರ ನಾಳೆ ಬಾ." ಆಗ್ತದೆ ಎಂದಿದ್ದೆ.

ಅಲ್ಲಿಗೆ ಬರುವವರು ಯಾರ ಕಣ್ಣಿಗೂ ಬೀಳದಂತೆ ಒಂದು ಸ್ಟಾಪ್ ಮೊದಲೇ ಬಸ್ಸಿಳಿಯುತ್ತಿದ್ದರು. ಊರಲ್ಲಿ ಕಣ್ಣಿನ ಡಾಕ್ಟರ ಹೆಸರು ಹೇಳಿ ಹೊರಡುವುದು ವಾಡಿಕೆ. ಹಾಗೆಯೇ ಒಂದು ದಿನ ನಮ್ಮ ನೆರೆಮನೆಯ ಅಕ್ಕ, ಕೆಲವು ತಿಂಗಳಿಂದ ಮಾತು ಬಿಟ್ಟಿದ್ದ ಮಗಳನ್ನು ಕರೆದುಕೊಂಡು ಒಳಗೆ ಬಂದರು. ನನ್ನನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ನಾನು ತಲೆ ಎತ್ತದೆ ಬರೆಯುತ್ತಲೇ ಇದ್ದೆ. ನಾಲ್ಕನೆಯ ಸಲ ಬಂದಾಗ ಆ ಹುಡುಗಿ ಬಾಯಿಬಿಟ್ಟು "ನೀರು" ಎಂದಳು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ಅದೇ ಹೊತ್ತಿಗೆ ಕಾರ್ಕಳದಿಂದ ನನಗೊಂದು ಸಂಬಂಧ ಬಂದಿತ್ತು. ಹುಡುಗ ಮೇಷ್ಟ್ರು, ನನಗೂ ಒಪ್ಪಿಗೆಯಾಗಿತ್ತು. ಇದ್ದಕ್ಕಿದ್ದಂತೆ ಬ್ರೋಕರ್ ಬಂದು, "ಅವರಿಗೆ ಬೇಡವಂತೆ. ಹುಡುಗಿಗೆ ಮಣಿಪಾಲದಲ್ಲಿ ತಲೆಗೆ ಮದ್ದು ನಡೀತಾ ಉಂಟಂತೆ ಅಲ್ವಾ?" ಎಂದರು. ನನ್ನ ಮೈಯೆಲ್ಲ ಉರಿಯಿತು. ನನ್ನನ್ನು ಅಲ್ಲಿ ಕಂಡ ಊರವರೆಂದರೆ ನೆರೆಮನೆಯ ಅಕ್ಕ ಒಬ್ಬರೇ. ಇನ್ನೇನು ಸಾಕ್ಷಿ ಬೇಕು? ಮಗಳ ಗುಟ್ಟು ಮುಚ್ಚಲು ನನ್ನ ಮೇಲೆ ಕೆಸರೆರಚಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಹಾಗೆ ತನ್ನದನ್ನು ಇನ್ನೊಬ್ಬರ ಮೇಲೆ ಹೊರಿಸುವುದಕ್ಕೆ ಒಂದು ಹೆಸರೂ ನನ್ನ ಪುಸ್ತಕದಲ್ಲಿತ್ತು.

ಮರುದಿನ ಬೆಳಿಗ್ಗೆ ಅಕ್ಕನ ಜಗಲಿಯಲ್ಲಿ ಐದಾರು ಹೆಂಗಸರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಹೊತ್ತೇರುವ ಮೊದಲು ಹೂ ಉಡುಪಿಗೆ ಹೊರಡಬೇಕು. ಯಾರೂ ಕೈ ನಿಲ್ಲಿಸುವುದಿಲ್ಲ, ಬಾಯಿಯನ್ನೂ. ನಾನು ಅಂಗಳದಲ್ಲೇ ನಿಂತು ಕೂಗಿದೆ: "ಅಕ್ಕಾ, ಹುಚ್ಚು ನನಗಲ್ಲ! ನಾನು ಅಲ್ಲಿಗೆ ಹೋಗುವುದು ಕಲಿಯಲಿಕ್ಕೆ. ಮದ್ದಿಗೆ ಬರುವುದು ನಿಮ್ಮ ಮಗಳು. ಇವರಿಗೂ ಗೊತ್ತಾಗಲಿ ಅಲ್ವಾ?"

ಕೈಗಳೆಲ್ಲ ನಿಂತವು. ಒಳಬಾಗಿಲಲ್ಲಿ ಆ ಹುಡುಗಿ ನಿಂತಿದ್ದಳು.

"ದೇವರಾಣೆ ನಾನು ಹೇಳ್ಲಿಲ್ಲ ಮಗಾ," ಎಂದರು ಅಕ್ಕ. "ನಿನ್ನನ್ನು ಅಲ್ಲಿ ಕಂಡೆ ಅಂದರೆ, 'ನೀವು ಅಲ್ಲಿಗೆ ಯಾಕೆ ಹೋದದ್ದು' ಅಂತ ನನ್ನನ್ನೇ ಕೇಳ್ತಾರಲ್ವಾ?"

ಅಷ್ಟು ಸರಳವಾದ ವಿಷಯ ಎಂ.ಎ. ಓದುವವಳಿಗೆ ಹೊಳೆದಿರಲಿಲ್ಲ.

ಕೆಲಸದ ಮೇಲೆ ನಾಲ್ಕು ದಿನ ಕಾಪುವಿನಲ್ಲಿದ್ದ ಅಪ್ಪ ಸಂಜೆ ಮನೆಗೆ ಬಂದರು. ಸಂಬಂಧ ತಪ್ಪಿದ್ದು ಕೇಳಿ ಅವರ ಮುಖ ಬಾಡಿತು. ಹೋದ ದಿನವೇ ಕಾಪು ಪೇಟೆಯಲ್ಲಿ ಹುಡುಗನ ಸೋದರಮಾವ ಸಿಕ್ಕಿದ್ದರಂತೆ. ಮಗಳು ಈಗ ಎಂತ ಮಾಡ್ತಾಳೆ ಎಂದು ಕೇಳಿದರಂತೆ. "ವಾರಕ್ಕೆ ಎರಡು ಸಲ ಮಣಿಪಾಲಕ್ಕೆ, ಮನಸ್ಸಿನ ಡಾಕ್ಟರ ಹತ್ತಿರ ಹೋಗ್ತಾಳೆ ಅಂತ ನಾನೇ ಹೇಳಿದ್ದು. ಹೆಮ್ಮೆಯಿಂದ ಹೇಳಿದ್ದು ಮಾರಾಯ್ತಿ," ಎಂದು ಅಮ್ಮನ ಮುಂದೆ ತಲೆ ತಗ್ಗಿಸಿದರು.

ಮುಂದಿನ ಸಲ ಮಣಿಪಾಲಕ್ಕೆ ಹೋಗಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಇನ್ನು ಬರೆಯುವುದು ಬೇಡ ಎಂದು ಕೈ ಚಾಚಿ ನನ್ನ ನೋಟ್‌ಬುಕ್ ತೆಗೆದುಕೊಂಡರು. ಅಕ್ಕನ ಮಗಳ ಸರದಿ ಹನ್ನೊಂದಕ್ಕಿತ್ತು. ಇಬ್ಬರೂ ಬಾಗಿಲನ್ನೇ ನೋಡುತ್ತ ಕುಳಿತೆವು. ತಾಯಿ ಮಗಳು ಬರಲಿಲ್ಲ. ನಾನು ಮನೆಗೆ ಹೋಗಿ ಕೈ ಮುಗಿದು ಬೇಡಿಕೊಂಡರೂ ಅಕ್ಕ ಮತ್ತೆಂದೂ ಆ ಬಸ್ಸು ಹತ್ತಲಿಲ್ಲ.

ಅಪ್ಪ ಕಾರ್ಕಳಕ್ಕೆ ಹೋಗಿ ಎಲ್ಲ ಬಿಡಿಸಿ ಹೇಳಿದರು. ಮದುವೆಯಾಯಿತು, ಅಲ್ಲಿಯ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುವ ಕೆಲಸವೂ ಸಿಕ್ಕಿತು. ನನಗೆ ಏನೂ ನಷ್ಟವಾಗಲಿಲ್ಲ. ಶಂಕರಪುರಕ್ಕೆ ಹೋದಾಗಲೆಲ್ಲ ಅಕ್ಕನ ಮಗಳು ಜಗಲಿಯಲ್ಲಿ ಹೂ ಕಟ್ಟುತ್ತಿರುತ್ತಾಳೆ. ನೀರು ಬೇಕಾದರೆ ಲೋಟ ತೋರಿಸುತ್ತಾಳೆ.